ವಾಲ್ ಪುಟ್ಟಿ ಮೇಲೆ ಆಯಿಲ್ ಕಲರ್ ಹಚ್ಚುವ ಮುನ್ನ ಇದನ್ನು ಓದಿ

ಮನೆಯಲ್ಲೇ ಟೆಕ್ಸ್ಚರ್ ಪೇಂಟಿಂಗ್ (ಮೇಲ್ಮೈ ಉಬ್ಬುತಗ್ಗಾಗಿ ಕಾಣುವ ಚಿತ್ರ) ಮಾಡುವವರಲ್ಲಿ ಬಹಳ ಜನ ಈಗ ಒಂದೇ ದಾರಿ ಹಿಡಿದಿದ್ದಾರೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಕೆ.ಜಿ. ವಾಲ್ ಪುಟ್ಟಿ ತರುವುದು, ನೀರು ಮತ್ತು ಮರಗೆಲಸದ ಬಿಳಿ ಗಮ್ ಹಾಕಿ ಕಲಸುವುದು, ಕ್ಯಾನ್ವಾಸ್ ಮೇಲೆ ದಪ್ಪಗೆ ಬಳಿಯುವುದು, ಒಣಗಿತು ಅನ್ನಿಸಿದ ಕೂಡಲೇ ಬಣ್ಣ ಹಚ್ಚುವುದು. ಮೇಲಿನದು ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವಾದರೆ ಕೆಲಕಾಲ ಹೇಗೋ ತಡೆದೀತು. ಎಣ್ಣೆಯಲ್ಲಿ ಅರೆದ ಆಯಿಲ್ ಕಲರ್ ಆದರೆ ತಡೆಯುವುದಿಲ್ಲ. ಹಾಗೆ ಹಾಳಾದ ಎರಡು ಅಡಿ ಅಗಲ, ಮೂರು ಅಡಿ ಎತ್ತರದ ಕ್ಯಾನ್ವಾಸ್ ಒಂದು ಈಗ ನಮ್ಮ ಮೇಜಿನ ಮೇಲಿದೆ.

ಇದರಲ್ಲಿ ಪುಟ್ಟಿಯ ದಪ್ಪ ಐದಾರು ಮಿ.ಮೀ. ಮೊದಲು ಕೆಟ್ಟದ್ದು ಹೊಳಪು. ಪುಟ್ಟಿ ಬಣ್ಣದೊಳಗಿನ ಎಣ್ಣೆಯನ್ನು ಹೀರಿಕೊಂಡು ಮೇಲೆ ಬರೀ ಪುಡಿ ಉಳಿಸಿತು. ಮಂಕಾಯಿತೆಂದು ಮತ್ತೆ ಅಗಸೆ ಎಣ್ಣೆ ಬೆರೆಸಿ ಇನ್ನೊಂದು ಕೋಟ್ ಕೊಡಲಾಗಿದೆ. ಆ ಕೋಟ್ ದಪ್ಪವಾಗಿ ನಿಂತ ಕಡೆಯೆಲ್ಲ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕು ಕಟ್ಟಿದೆ. ಪ್ರಷ್ಯನ್ ನೀಲಿ ಹಚ್ಚಿದ ಭಾಗದ ಅಂಚುಗಳು ಕಂದಿ ಕಂದು ಬಣ್ಣಕ್ಕೆ ತಿರುಗಿವೆ. ಕೆಲವೆಡೆ ಹೆಬ್ಬೆರಳು ಒತ್ತಿದರೆ ಬಣ್ಣ ಮೆತ್ತಗೆ ಅಂಟುತ್ತದೆ, ಉಗುರಿಗೆ ಜಾರುವ ಪದರವಾಗಿ ಕಿತ್ತು ಬರುತ್ತದೆ. ಮಳೆಗಾಲದಲ್ಲಿ ಬಟ್ಟೆ ಸಡಿಲಾಯಿತೆಂದು ಚೌಕಟ್ಟಿನ ಮೂಲೆಯ ಬೆಣೆಗಳನ್ನು ಬಡಿದಿದ್ದಾರೆ. ಬಿರುಕು ಅಲ್ಲಿಂದಲೇ ಶುರುವಾಗಿ ನಡುವಿನ ತನಕ ಓಡಿದೆ. ರೂಪಾಯಿ ನಾಣ್ಯದಷ್ಟಗಲದ ಚಕ್ಕೆಗಳು ತಾವಾಗಿಯೇ ಉದುರುತ್ತಿವೆ. ಅಂಥದೊಂದು ಚಕ್ಕೆಯ ಬೆನ್ನು ನೋಡಿ: ಕ್ಯಾನ್ವಾಸಿನ ನೇಯ್ಗೆಯ ಅಚ್ಚು ಸ್ಪಷ್ಟವಾಗಿ ಮೂಡಿದೆ, ಆದರೆ ಒಂದು ಎಳೆಯೂ ಅಂಟಿಲ್ಲ. ಅಂದರೆ ಪುಟ್ಟಿ ಕ್ಯಾನ್ವಾಸನ್ನು ಹಿಡಿದೇ ಇರಲಿಲ್ಲ, ಮೇಲೆ ಕೂತಿತ್ತು ಅಷ್ಟೇ.

ಬಣ್ಣ ಮೆತ್ತಗಾಗುವುದಕ್ಕೆ ಕಾರಣ ಸಿಮೆಂಟ್. ಪುಡಿಯಾಗಿ ಸಿಗುವ ವಾಲ್ ಪುಟ್ಟಿ ಹೆಚ್ಚಾಗಿ ಬಿಳಿ ಸಿಮೆಂಟಿನದು, ಸಿಮೆಂಟ್ ಎಂದರೆ ಕ್ಷಾರ. ಎಣ್ಣೆಗೆ ಕ್ಷಾರ ಸೇರಿ ತೇವವೂ ಇದ್ದರೆ ಸಾಬೂನು ತಯಾರಾಗುತ್ತದೆ. ಸಾಬೂನು ಕಾರ್ಖಾನೆಯಲ್ಲಿ ನಡೆಯುವ ಕ್ರಿಯೆಯೇ ಚಿತ್ರದ ಅಡಿಯಲ್ಲಿ ನಿಧಾನವಾಗಿ ನಡೆಯುತ್ತದೆ. ಹೊಸ ಗಾರೆ ಗೋಡೆಗೆ ತಕ್ಷಣ ಎಣ್ಣೆ ಬಣ್ಣ ಹೊಡೆಯಲು ಅನುಭವಿ ಪೇಂಟರುಗಳು ಒಪ್ಪದಿರುವುದೂ ಇದಕ್ಕೇ. ಪ್ರಷ್ಯನ್ ನೀಲಿಯಂತೂ ಕ್ಷಾರ ತಾಗಿದರೆ ತನ್ನ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಗಮ್ ಬೆರೆಸಿದರೆ ಕ್ಷಾರ ಹೋಗುವುದಿಲ್ಲ.

ನಿಮ್ಮ ಪುಟ್ಟಿ ಯಾವುದೆಂದು ಅನುಮಾನವಿದ್ದರೆ ಒಂದು ಚಮಚ ಪುಡಿಯನ್ನು ನೀರಲ್ಲಿ ಕಲಸಿ, ಚಿಟಿಕೆ ಅರಿಶಿನ ಹಾಕಿ. ಆರತಿಗೆ ಅರಿಶಿನ ಸುಣ್ಣ ಕದಡಿದಾಗ ಬರುವ ಕೆಂಪು ಬಂದರೆ ಅದರ ಮೇಲೆ ಆಯಿಲ್ ಕಲರ್ ಬೇಡವೇ ಬೇಡ. ಡಬ್ಬಿಯಲ್ಲಿ ಕಲಸಿಯೇ ಬರುವ ಅಕ್ರಿಲಿಕ್ ಪುಟ್ಟಿ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ಆದರೂ ಅದು ಅಲುಗಾಡದ ಗೋಡೆಗೆಂದು ಮಾಡಿದ್ದು. ಬಟ್ಟೆ ಹವೆಗೆ ತಕ್ಕಂತೆ ಬಿಗಿಯಾಗುತ್ತದೆ, ಸಡಿಲಾಗುತ್ತದೆ. ಪುಟ್ಟಿ ಬಾಗುವುದಿಲ್ಲ, ಒಡೆಯುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೂ ಇದೇ ಗತಿ.

ದಪ್ಪ ಟೆಕ್ಸ್ಚರ್ ಬೇಕೆಂದರೆ ಮೊದಲು ಬಟ್ಟೆಯ ಆಸೆ ಬಿಡಿ. 6 ಅಥವಾ 9 ಮಿ.ಮೀ. ಪ್ಲೈವುಡ್ ಇಲ್ಲವೇ ಎಂಡಿಎಫ್ ಹಲಗೆ ತೆಗೆದುಕೊಳ್ಳಿ. ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಅಕ್ರಿಲಿಕ್ ಜೆಸ್ಸೋ (ಚಿತ್ರಕ್ಕೆ ಮೊದಲು ಹಚ್ಚುವ ಬಿಳಿ ಪ್ರೈಮರ್) ಎರಡು ಕೋಟ್ ಹೊಡೆಯಿರಿ. ಒಂದೇ ಬದಿಗೆ ಹೊಡೆದರೆ ಹಲಗೆ ಸೊಟ್ಟಗಾಗುತ್ತದೆ. ಅದರ ಮೇಲೆ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟ್, ಅಂದರೆ ದಪ್ಪ ಟೆಕ್ಸ್ಚರ್ ಕಟ್ಟಲೆಂದೇ ಮಾಡಿದ ಲೇಪ. ಅದು ದುಬಾರಿ ಅನ್ನಿಸಿದರೆ ಎರಡು ಭಾಗ ಅಕ್ರಿಲಿಕ್ ಜೆಲ್‌ಗೆ ಒಂದು ಭಾಗ ಮಾರ್ಬಲ್ ಪುಡಿ ಕಲಸಿ, ಪೇಂಟಿಂಗ್ ನೈಫ್ ಎಳೆದ ಗೀರು ಹಾಗೇ ನಿಲ್ಲುವಷ್ಟು ಗಟ್ಟಿ ಮಾಡಿಕೊಳ್ಳಿ. ಪುಡಿ ಅತಿಯಾದರೆ ಒಣಗಿದ ಮೇಲೆ ಬೆರಳಿಗೆ ಬಿಳಿ ಹತ್ತುತ್ತದೆ. ಕಲಸುವಾಗ ಎನ್95 ಮಾಸ್ಕ್ ಇರಲಿ. ಮರಳು ಹಾಕುವುದಾದರೆ ಸೋಸಿ, ತೊಳೆದು, ಒಣಗಿಸಿದ್ದು ಮಾತ್ರ. ಸಮುದ್ರದ ಮರಳಿನ ಉಪ್ಪು ತೇವ ಎಳೆಯುತ್ತದೆ, ಅದು ಬೇಡ. ಒಂದು ಸಲಕ್ಕೆ 3 ಮಿ.ಮೀ.ಗಿಂತ ದಪ್ಪ ಬಳಿಯಬೇಡಿ; ಪದರ ಒಣಗಿದ ಮೇಲೆ ಇನ್ನೊಂದು. ತೆಳು ಜೆಸ್ಸೋಗೆ ಕನಿಷ್ಠ ಮೂರು ದಿನ, ದಪ್ಪ ಪೇಸ್ಟಿಗೆ ವಾರಕ್ಕೂ ಹೆಚ್ಚು ಬಿಟ್ಟು ಆಯಿಲ್ ಕಲರ್ ಹಚ್ಚಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಕಾಯಬೇಕು. ಆಯಿಲ್ ಹಚ್ಚಿದ ಮೇಲೆ ಮತ್ತೆ ಅಕ್ರಿಲಿಕ್ ಪೇಸ್ಟ್ ಬಳಿಯುವಂತಿಲ್ಲ, ಸಿಪ್ಪೆಯಂತೆ ಏಳುತ್ತದೆ.

ಬಣ್ಣದಲ್ಲೇ ದಪ್ಪ ಬೇಕೆನ್ನುವವರು ಎಣ್ಣೆ ಸುರಿಯುವ ಬದಲು ಕೋಲ್ಡ್ ವ್ಯಾಕ್ಸ್ ಮೀಡಿಯಂ (ಬಣ್ಣಕ್ಕೆ ಬೆರೆಸುವ ಮೆತ್ತನೆ ಮೇಣ) ಬಳಸಿ, ಬಣ್ಣದಷ್ಟೇ ಅಳತೆ, ಅದಕ್ಕಿಂತ ಹೆಚ್ಚು ಬೇಡ. ಇದಕ್ಕೂ ಹಲಗೆಯೇ ಬೇಕು. ಬಿಳಿ ಟ್ಯೂಬ್ ಕೊಳ್ಳುವಾಗ ಹಿಂಬದಿಯಲ್ಲಿರುವ ಬಣ್ಣದ ಪುಡಿಯ ಸಂಕೇತ ಓದಿ. ಪಿಡಬ್ಲ್ಯೂ 6 ಟೈಟೇನಿಯಂ, ಪಿಡಬ್ಲ್ಯೂ 4 ಜಿಂಕ್. ಜಿಂಕ್ ಬಿಳಿ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ, ದಪ್ಪ ಪದರಕ್ಕೆ ಸಲ್ಲದು. ಬಣ್ಣ ತೆಳು ಮಾಡುವ ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಲೇಬೇಡಿ.

ಪುಟ್ಟಿ ಬಳಿದಾಗಿದೆ, ಬಣ್ಣ ಇನ್ನೂ ಹಚ್ಚಿಲ್ಲ ಎಂದಾದರೆ ಅಕ್ರಿಲಿಕ್‌ನಲ್ಲೇ ಮುಗಿಸಿ. ಆಯಿಲ್ ಹಚ್ಚಿ ಮೆತ್ತಗಾಗಿದ್ದರೆ ವಾರ್ನಿಷ್ ಹೊಡೆದು ಉಳಿಸಿಕೊಳ್ಳಲು ಹೋಗಬೇಡಿ, ಒಳಗಿನ ಕೆಡುಕು ನಿಲ್ಲುವುದಿಲ್ಲ. ಬಟ್ಟೆ ಬಿಚ್ಚಿ ಎಸೆಯಿರಿ, ಚೌಕಟ್ಟು ಮತ್ತೆ ಬಳಕೆಗೆ ಬರುತ್ತದೆ.

ಇಲ್ಲಿಯ ತನಕ ಹೇಳಿದ ತಪ್ಪುಗಳಿಂದ ಒಂದು ಚಿತ್ರ ಹೋಗುತ್ತದೆ, ಅಷ್ಟೇ. ಮುಂದೆ ಹೇಳುವ ತಪ್ಪಿಗೆ ಮನೆಯೇ ಹೋಗಬಹುದು, ದಯವಿಟ್ಟು ಗಮನವಿಟ್ಟು ಓದಿ. ಆಯಿಲ್ ಕಲರ್ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಆಗ ಶಾಖ ಬಿಡುತ್ತದೆ. ಚಿತ್ರದ ಮೇಲೆ ಆ ಶಾಖ ಗಾಳಿಗೆ ಹಾರಿಹೋಗುತ್ತದೆ. ಅದೇ ಎಣ್ಣೆ ಒರೆಸಿದ ಬನಿಯನ್ ವೇಸ್ಟ್ ಚಿಂದಿಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಶಾಖ ಒಳಗೇ ಕೂಡಿ, ಬೆಂಕಿಕಡ್ಡಿಯಿಲ್ಲದೆ ಬೆಂಕಿ ಹತ್ತುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಹುಟ್ಟಿದ್ದು ಮರದ ಪಾಲಿಶ್ ಕೆಲಸಕ್ಕೆ ಬಳಸಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ, ಹಾಗಾಗಿ ಅದು ಇನ್ನೂ ಅಪಾಯ.

ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ಒಂದರ ಮೇಲೊಂದು ಬೀಳದಂತೆ, ಮಡಿಕೆ ಬಿಡಿಸಿ, ಹೊರಗಿನ ತಂತಿಗೆ ಹರವಿ. ಮರದ ಬಾಗಿಲು, ಪರದೆ, ಒಣಹುಲ್ಲಿನ ಹತ್ತಿರ ಬೇಡ. ಪೂರ್ತಿ ಸೆಟೆದು ಗರಿಗರಿಯಾದ ಮೇಲೆ ಕಸಕ್ಕೆ ಹಾಕಬಹುದು. ಅಪಾರ್ಟ್‌ಮೆಂಟಿನಲ್ಲಿ ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ, ಬಟ್ಟೆ ಪೂರ್ತಿ ಮುಳುಗಿಸಿ ಮುಚ್ಚಿಡಿ. ಎರಡು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೀರು ತಗ್ಗಿದೆಯೇ ನೋಡಿ.