ಎಲಿವೇಷನ್‌ಗೆ ಶಹಾಬಾದ್ ಕಲ್ಲೋ, ಡಬ್ಲ್ಯೂಪಿಸಿ ಪಟ್ಟಿಯೋ?

“ಬಚ್ಚಲಕ್ಕ ಹಾಕೋ ಕಲ್ಲು ಗ್ವಾಡಿಗಿ ಹಚ್ತೀಯೇನಪಾ?” ಎಂದು ಅವ್ವ ಕೇಳಿದಾಗ ನನಗೂ ಅಳುಕಾಗಿತ್ತು. ಕಲಬುರಗಿಯಲ್ಲಿ ಶಹಾಬಾದ್ ಕಲ್ಲು ಎಂದರೆ ನೆಲಕ್ಕೆ, ಅಂಗಳಕ್ಕೆ, ಬಚ್ಚಲಿಗೆ. ಮನೆಯ ಮುಖಕ್ಕೆ ಯಾರು ಹಚ್ಚುತ್ತಾರೆ? ಎರಡು ಬೇಸಿಗೆ ಕಳೆದ ಮೇಲೆ ಹೇಳುತ್ತೇನೆ: ನಮ್ಮ ಎಲಿವೇಷನ್‌ನಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡದೆ ನಿಂತಿರುವುದು ಅದೊಂದೇ.

ಮನೆ ಪಡುವಣ ದಿಕ್ಕಿಗಿದೆ. ಎಂಜಿನಿಯರ್ ಮೊಬೈಲ್‌ನಲ್ಲಿ ತೋರಿಸಿದ ತ್ರೀಡಿ ಚಿತ್ರದಲ್ಲಿ ಕೆಳಗೆ ಬೂದು ಕಲ್ಲು, ಅದರ ಪಕ್ಕಕ್ಕೂ ಬಾಲ್ಕನಿ ಸುತ್ತಲೂ ಕಂದು ಡಬ್ಲ್ಯೂಪಿಸಿ ಪಟ್ಟಿ, ಉಳಿದದ್ದಕ್ಕೆ ಬಿಳಿ ಬಣ್ಣ. ಚೆಂದವೇ ಇತ್ತು. ಚಿತ್ರಕ್ಕೆ ಬಿಸಿಲು ಬಡಿಯುವುದಿಲ್ಲವಲ್ಲ!

ಡಬ್ಲ್ಯೂಪಿಸಿ ಎಂದರೆ ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು. ಗೆದ್ದಲಿನ ಭಯ ಕಡಿಮೆ, ನಿಜ. ಆದರೆ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಬಣ್ಣ ಗಾಢವಾದಷ್ಟೂ ಜಾಸ್ತಿ ಕಾಯುತ್ತದೆ. ಪಕ್ಕದ ಕಲ್ಲು ಅಷ್ಟು ಮಿಸುಕಾಡುವುದಿಲ್ಲ. ನಮ್ಮ ಕಾರ್ಪೆಂಟರ್ ಡಿಸೆಂಬರ್ ಚಳಿಯಲ್ಲಿ 10 ಅಡಿ ಪಟ್ಟಿಗಳನ್ನು ಅಡ್ಡಕ್ಕೆ ಕೂರಿಸಿ, ಕಲ್ಲಿಗೆ ಮುಟ್ಟಿಸಿ, ಸಂದಿಗೆ ಸಿಲಿಕೋನ್ ಅಂಟು ತುಂಬಿ ಹೋದ. ನೋಡಿದವರೆಲ್ಲ “ಏನ್ ಫಿನಿಶಿಂಗ್ ರೀ” ಅಂದರು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿತು ನೋಡಿ, ಸರಿಯಲು ಜಾಗವಿಲ್ಲದೆ ಪಟ್ಟಿಗಳಿಗೆ ನಡುವೆ ಹೊಟ್ಟೆ ಬಂತು. ಎರಡು ಕಡೆ ಕ್ಲಿಪ್ಪೇ ಕಿತ್ತು ಬಂತು.

ಅದನ್ನಾದರೂ ಸಹಿಸಬಹುದಿತ್ತು. ಪಟ್ಟಿ ಹಿಗ್ಗಿ ಕುಗ್ಗಿ ಸಿಲಿಕೋನ್ ಕಲ್ಲಿನಿಂದ ಬಿಟ್ಟುಕೊಂಡಿತ್ತು. ಸೆಪ್ಟೆಂಬರ್ ಮಳೆ ಆ ಸೀಳಿನಲ್ಲಿ ಇಳಿದು ಪಟ್ಟಿಯ ಹಿಂದೆ ನಿಂತಿತು. ಹಾಲ್‌ನ ಗೋಡೆ ಉಬ್ಬಿ ಬಣ್ಣ ಉದುರಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಬಿಚ್ಚಿ ನೋಡಿದರೆ ಒಳಗೆ ಕಣಜದ ಗೂಡು ಬೇರೆ. ಕಾರ್ಪೆಂಟರ್‌ಗೆ ಫೋನ್ ಮಾಡಿದರೆ “ಗೌಂಡಿ ಪ್ಲಾಸ್ಟರ್ ಬರೋಬರಿ ಮಾಡಿಲ್ರಿ.” ಗೌಂಡಿಗೆ ಕೇಳಿದರೆ “ಪಟ್ಟಿ ಬಡದವ್ರಿಗಿ ಕೇಳ್ರಿ ಸರ.” ಎರಡು ಸಾಮಾನು ಸೇರುವ ಗೆರೆ ಯಾರಿಗೂ ಸೇರಿದ್ದಲ್ಲ!

ಕೊನೆಗೆ ಬೇರೆಯವರನ್ನು ಕರೆಸಿದೆ. ಪಟ್ಟಿಗಳ ತುದಿ ಕತ್ತರಿಸಿ 6 ಮಿ.ಮೀ. ಜಾಗ ಬಿಡಿಸಿ, ಕಲ್ಲಿಗೂ ಪಟ್ಟಿಗೂ ನಡುವೆ ಅಲ್ಯೂಮಿನಿಯಂ ಚಾನೆಲ್ ನಿಲ್ಲಿಸಿದ್ದಾಯಿತು. ಒಳಗೆ ಹೋದ ನೀರು ಕೆಳಗಿನಿಂದ ಹೊರಗೆ ಬೀಳುವ ಹಾಗೆ ದಾರಿಯನ್ನೂ ಬಿಡಿಸಿದೆ. ಮೊದಲೇ ಮಾಡಿಸಿದ್ದರೆ ಅರ್ಧ ದಿನದ ಕೂಲಿ ಅಷ್ಟೇ.

ಕಲ್ಲಿನದೂ ತಕರಾರು ಇಲ್ಲವೆಂದಲ್ಲ. ಇದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಡೆಯುವುದೂ ಸುಣ್ಣದ ಕಲ್ಲಿನಿಂದಲೇ. ಸಿಮೆಂಟ್ ಕಲೆ ತೆಗೆಯಲು ಹೆಲ್ಪರ್ ಹುಡುಗ ಬಚ್ಚಲ ಆಸಿಡ್ ಸುರಿದ. ಬುಸುಬುಸು ನೊರೆ ಬಂದು ಎರಡು ಚದರ ಅಡಿ ಬೆಳ್ಳಗೆ ಮಂಕಾಯಿತು. ಈಗ ಅದರ ಮುಂದೆ ತುಳಸಿ ಕುಂಡ ಇಟ್ಟಿದ್ದೇವೆ. ಇನ್ನು ತೂಕ: ಒಂದು ಇಂಚು ದಪ್ಪದ್ದು ಚದರ ಅಡಿಗೆ ಸುಮಾರು 6 ಕೆಜಿ. ಎತ್ತರಕ್ಕೆ ಬರೀ ಸಿಮೆಂಟ್ ನಂಬಬೇಡಿ, ಸ್ಟೀಲ್ ಕ್ಲಾಂಪ್ ಬೇಕು. ನಾವು 7 ಅಡಿಗೇ ನಿಲ್ಲಿಸಿದೆವು. ಕಲ್ಲಿಗಿಂತ ಗೌಂಡಿಯ ಕೂಲಿಯೇ ಜಾಸ್ತಿ ಆಯಿತು.

ಬೀದರ್‌ನಲ್ಲಿ ಅಕ್ಕನ ಮನೆಗೆ ಅಲ್ಲಿಯ ಕೆಂಪು ಕಲ್ಲು ಹಚ್ಚಿದ್ದಾರೆ, ಕೋಟೆಯಲ್ಲಿ ಕಾಣುತ್ತದಲ್ಲ, ಅದೇ ಜಾತಿ. ಬಿಳಿ ಗೋಡೆಯ ಪಕ್ಕ ನಮ್ಮದಕ್ಕಿಂತ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮೈಯೆಲ್ಲ ತೂತು, ನೀರು ಕುಡಿಯುತ್ತದೆ, ಆಗಾಗ ಸೀಲರ್ ಹೊಡೆಸಬೇಕು. ಭಾವನಿಗೆ ಆ ಶಿಸ್ತಿದೆ, ನನಗಿಲ್ಲ.

ಎಲಿವೇಷನ್ ಟೈಲ್ಸ್ ಕಂಪೌಂಡಿಗೆ ಹಾಕಿಸಿದೆ. ಅಸಲಿ ಕಲ್ಲಿನ ಪಕ್ಕ ಕಲ್ಲಿನ ವೇಷ ಎದ್ದು ಕಾಣುತ್ತದೆ. ಎಚ್‌ಪಿಎಲ್ ಶೀಟು, ಅಂದರೆ ಒತ್ತಿ ಗಟ್ಟಿ ಮಾಡಿದ ಲ್ಯಾಮಿನೇಟ್ ಹಲಗೆ, ಪಕ್ಕದ ಮನೆಯವರದು ನೆಟ್ಟಗಿದೆ, ಸ್ಕ್ರೂ ತೂತು ದೊಡ್ಡದು ಬಿಟ್ಟು ಕೂರಿಸಿದ್ದಾರೆ. ನನ್ನ ಬಜೆಟ್‌ಗೆ ಒಗ್ಗಲಿಲ್ಲ.

ನಾನು ಏಣಿ ಹತ್ತುವವನಲ್ಲ. ಪಟ್ಟಿಯ ಸಾಲುಗಳಲ್ಲಿ ಕೂರುವ ಧೂಳನ್ನು ವಾರವಾರ ಒರೆಸುವ ತಾಳ್ಮೆಯೂ ಇಲ್ಲ. ಒರಟು ಬೂದು ಕಲ್ಲಿನ ಮೇಲೆ ಧೂಳು ಕೂತರೂ ಕಾಣುವುದಿಲ್ಲ. ಮತ್ತೆ ಕಟ್ಟಿಸಿದರೆ ಕೆಳಗೆ ಶಹಾಬಾದ್, ಮೇಲೆ ಸಾದಾ ಪ್ಲಾಸ್ಟರಿಗೆ ತಿಳಿ ಬಣ್ಣ, ಅಷ್ಟೇ. ಮರದ ಬಣ್ಣ ಬೇಕೇ ಬೇಕು ಎನ್ನುವವರು ಬಾಲ್ಕನಿಯ ಸೀಲಿಂಗ್‌ಗೆ ಹಾಕಿಸಲಿ, ಅಲ್ಲಿ ನೆರಳಿರುತ್ತದೆ. ನಮ್ಮಲ್ಲಿ ಅಲ್ಲಿಯ ಪಟ್ಟಿ ಮಾತ್ರ ಇನ್ನೂ ನೆಟ್ಟಗಿದೆ.