ಪೂಲ್ ನೀರನ್ನು ತೋಡಿಗೆ ಬಿಡುವವರ ಮಾತು ನಂಬಬೇಡಿ

ಕೊಡಗಿನಲ್ಲಿ ಮನೆಗೋ ಹೋಮ್‌ಸ್ಟೇಗೋ ಪೂಲ್ ಕಟ್ಟಿಸಿಕೊಂಡವರು ದಯವಿಟ್ಟು ಇದನ್ನು ಓದಿ. ಮಳೆಗೆ ಮುಂಚೆ ನಮ್ಮ ಪೂಲ್ ಕ್ಲೀನ್ ಮಾಡಲು ಕರೆಸಿದವನು 40 ಸಾವಿರ ಲೀಟರ್ ಕ್ಲೋರಿನ್ ನೀರನ್ನು ನೇರ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಟ್ಟ. ಸಂಜೆ ಕೆಳಗಿನ ಗದ್ದೆಯವರು ಸತ್ತ ಮೀನು, ಏಡಿಗಳನ್ನು ಬಕೆಟ್‌ನಲ್ಲಿ ತಂದು ಅಂಗಳದಲ್ಲಿಟ್ಟರು. ತಲೆ ಎತ್ತಿ ಮಾತಾಡಲು ಆಗಲಿಲ್ಲ.

ಮೋಸ ಆದದ್ದು ಟೆಸ್ಟ್ ಕಿಟ್‌ನಲ್ಲಿ. ಅದರಲ್ಲಿ ಎರಡು ಕೊಳವೆ ಇರುತ್ತವೆ: ಹಳದಿ ಬಣ್ಣ ಬರುವುದು ಕ್ಲೋರಿನ್‌ಗೆ, ಕೆಂಪು ಪಿಎಚ್‌ಗೆ, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆಗೆ. ಹಳದಿ ಕಡೆಯನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡು ಕೆಂಪು ಕಡೆ ತೋರಿಸಿ, "ನೋಡಿ ಸಾರ್, 7.4, ಸರಿಯಾಗಿದೆ, ಬಿಡಬಹುದು" ಅಂದ. ಪಿಎಚ್ ಸರಿ ಇದ್ದ ಮಾತ್ರಕ್ಕೆ ಕ್ಲೋರಿನ್ ಹೋಗಿದೆ ಅಂತಲ್ಲ! ಆಮೇಲೆ ಪೂಲ್ ತಳದ ಗುಂಡಿಯಲ್ಲಿ ಉಳಿದಿದ್ದ ನೀರಿಗೆ ಅದೇ ಕಿಟ್‌ನ ಹನಿ ಹಾಕಿದರೆ ಹಳದಿಯೂ ಅಲ್ಲ, ಕಡು ಕಿತ್ತಳೆ, ಅಂದರೆ ಕ್ಲೋರಿನ್ ವಿಪರೀತ. ಎರಡು ದಿನ ಮುಂಚೆ ಅವನೇ ಶಾಕ್ ಡೋಸ್, ಅಂದರೆ ಒಮ್ಮೆಗೇ ತುಂಬಾ ಕ್ಲೋರಿನ್, ಹಾಕಿದ್ದ.

ಫೋನ್ ಮಾಡಿದರೆ ಉತ್ತರ: "ಬಿಸಿಲಿಗೆ ಕ್ಲೋರಿನ್ ಎಲ್ಲಾ ಹೋಗಿರುತ್ತೆ ಸಾರ್." ಬಿಲ್ಲಿನಲ್ಲಿ ಬರೆದದ್ದು ಟಿಸಿಸಿಎ 90 ಅನ್ನುವ ಕ್ಲೋರಿನ್ ಮಾತ್ರೆ. ಅದರಲ್ಲಿರುವ ಸಯನ್ಯೂರಿಕ್ ಆಸಿಡ್ ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಹಿಡಿದಿಡುತ್ತದೆ, ಅದಕ್ಕೇ ಆ ಮಾತ್ರೆ ಮಾರುವುದು. ಇದು ಅವನಿಗೆ ಗೊತ್ತಿಲ್ಲದ್ದೇ? ಮತ್ತೆ ಕೇಳಿದರೆ "ಎಲ್ಲಾ ಕಡೆ ಹಿಂಗೇ ಬಿಡ್ತೀವಿ, ಯಾರೂ ಕೇಳಿಲ್ಲ." ಕಾನೂನು ಕೇಳುತ್ತದೆ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ತೋಡಿಗಾಗಲಿ ಬಾವಿಗಾಗಲಿ ವಿಷದ ನೀರು ಬಿಡುವಂತಿಲ್ಲ. ಬೇಸಿಗೆಯಲ್ಲಿ ಬತ್ತಿದ ತೋಡೂ ತೋಡೇ.

ಸರಿಯಾಗಿ ಮಾಡುವುದು ಕಷ್ಟವೇನಲ್ಲ. ಮೊದಲು ಮಾತ್ರೆ ತೆಗೆದುಬಿಡಿ. ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಸಿಗುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಕೆಮಿಕಲ್ ಅಂಗಡಿಯಲ್ಲಿ ಹೈಪೋ ಅಂತಾರೆ. 40 ಸಾವಿರ ಲೀಟರಿನಲ್ಲಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಅಂದರೆ 40 ಗ್ರಾಂ ಕ್ಲೋರಿನ್, ಅಂಥ ಪ್ರತಿ 1 ಪಿಪಿಎಂಗೆ ಹೆಚ್ಚೆಂದರೆ 300 ಗ್ರಾಂ ಹೈಪೋ. ಬಕೆಟ್‌ನಲ್ಲಿ ಕರಗಿಸಿ ಸುರಿದು, ಫಿಲ್ಟರ್ ಪಂಪ್ ಕೆಲವು ಗಂಟೆ ಓಡಿಸಿ, ಮತ್ತೆ ಟೆಸ್ಟ್ ಮಾಡಿ. ಹನಿ ಹಾಕಿದ ನೀರಿಗೆ ಹಳದಿ ಛಾಯೆಯೂ ಬರಬಾರದು. ಪಾಚಿಗೆ ಮೈಲುತುತ್ತ ಹಾಕಿದ್ದರೆ ಹೈಪೋ ಉಪಯೋಗಕ್ಕಿಲ್ಲ. ತಾಮ್ರ ನೀರಲ್ಲೇ ಉಳಿಯುತ್ತದೆ, ಮೀನಿಗೆ ಅದೂ ವಿಷ. ಅಂಥ ನೀರು ತೋಡಿನ ಹತ್ತಿರವೂ ಹೋಗಬಾರದು.

ಕ್ಲೋರಿನ್ ಹೋದ ನೀರನ್ನೂ ಸ್ವಂತ ಜಾಗದ ಸಮತಟ್ಟಿನಲ್ಲೇ, ಬಾವಿಯಿಂದ ದೂರ, ಪೈಪ್ ಜಾಗ ಬದಲಿಸುತ್ತಾ ನಿಧಾನ ಇಂಗಿಸಿ. ಬರೆ (ಕಡಿದಾದ ಮಣ್ಣಿನ ಇಳಿಜಾರು) ಮೇಲೆ ಖಂಡಿತ ಬಿಡಬೇಡಿ, ಮಣ್ಣು ನೆನೆದು ಕುಸಿಯುತ್ತದೆ. ಸೆಪ್ಟಿಕ್ ಟ್ಯಾಂಕಿಗೂ ಬೇಡ, ಅಷ್ಟು ನೀರು ನುಗ್ಗಿದರೆ ಕೆಸರೆಲ್ಲ ಆಚೆ ಬರುತ್ತದೆ. ಮಳೆ ಹಿಡಿದ ಮೇಲೆ ಪೂಲ್ ಪೂರ್ತಿ ಖಾಲಿ ಬಿಡಲೂಬಾರದು, ಕೆಳಗಿನ ಅಂತರ್ಜಲ ಇಡೀ ತೊಟ್ಟಿಯನ್ನೇ ಮೇಲೆತ್ತಿ ಸೀಳಿಬಿಡುತ್ತದೆ.

ಟೆಸ್ಟ್ ಕಿಟ್ ನೀವೇ ಕೊಳ್ಳಿ, ನೀವೇ ಹನಿ ಹಾಕಿ. ಅವನು ಬಾಕಿ ದುಡ್ಡಿಗೆ ಈಗಲೂ ಫೋನ್ ಮಾಡುತ್ತಾನೆ. ಕೊಡುವುದಿಲ್ಲ. ಗದ್ದೆಯವರ ಅಂಗಳಕ್ಕೆ ಬಂದು ತಪ್ಪಾಯಿತು ಅನ್ನಲಿ, ಆಮೇಲೆ ದುಡ್ಡಿನ ಮಾತು.