ಪಿಸಿಒಎಸ್‌ಗೆ ಗರ್ಭನಿರೋಧಕ ಮಾತ್ರೆ: ಎರಡು ವರ್ಷದ ನನ್ನ ಅನುಭವ

ನಾನು ತೆಗೆದುಕೊಳ್ಳುತ್ತಿರುವುದು ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಹಾರ್ಮೋನ್ ಇರುವ ಮಾತ್ರೆ. 21 ದಿನ ನುಂಗಬೇಕು, 7 ದಿನ ಬಿಡಬೇಕು. ಮಗು ಬೇಡ ಅಂತಲ್ಲ, ಪಿಸಿಒಎಸ್‌ಗೆ ಅಂತಲೇ ಡಾಕ್ಟರ್ ಬರೆದುಕೊಟ್ಟಿದ್ದು. ಪಿಸಿಒಎಸ್ ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದಿಂದ ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಪ್ಪುವ ತೊಂದರೆ.

ಮೊದಲು ನನಗೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಮುಟ್ಟು ಬರುತ್ತಿತ್ತು. ಬರದಿದ್ದರೆ ಆರಾಮ ಅಂದುಕೊಂಡಿದ್ದೆ. ಅದು ದೊಡ್ಡ ತಪ್ಪು. ತಿಂಗಳುಗಟ್ಟಲೆ ಮುಟ್ಟು ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಜಾಸ್ತಿ. ಮಾತ್ರೆಯಲ್ಲಿರುವ ಪ್ರೊಜೆಸ್ಟಿನ್ ಆ ಪದರವನ್ನು ತೆಳ್ಳಗೆ ಇಡುತ್ತದೆ. ನನ್ನ ಮಟ್ಟಿಗೆ ಇದರ ಮುಖ್ಯ ಉಪಯೋಗ ಇದೇ, ಮುಖದ ಅಂದ ಆಮೇಲಿನ ಮಾತು.

ಮುಖಕ್ಕೂ ಒಳ್ಳೆಯದಾಯಿತು ಅನ್ನಿ. ಮಾತ್ರೆ ನುಂಗುವಾಗ ಮೊಡವೆ, ಮುಖದ ಕೂದಲು ತರುವ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನನ್ನು ಅಂಡಾಶಯ ಕಡಿಮೆ ತಯಾರಿಸುತ್ತದೆ, ಅದನ್ನು ಹಿಡಿದಿಡುವ ಪ್ರೊಟೀನನ್ನು ಲಿವರ್ ಜಾಸ್ತಿ ತಯಾರಿಸುತ್ತದೆ, ಹಾಗಾಗಿ ಮೂರು ತಿಂಗಳಿಗೆ ನನ್ನ ಮೊಡವೆ ಇಳಿಯಿತು. ಗದ್ದದ ಕೂದಲಿಗೆ ಮಾತ್ರ ಎಂಟು ತಿಂಗಳು ಕಾದೆ. ಅದೂ ಪೂರ್ತಿ ಹೋಗಿಲ್ಲ, ತೆಳುವಾಗಿದೆ ಅಷ್ಟೇ. ಶುರುವಿನ ಎರಡು ತಿಂಗಳು ಹೊಟ್ಟೆ ತೊಳಸುತ್ತಿತ್ತು, ಮಧ್ಯೆ ಮಧ್ಯೆ ಸ್ಪಾಟಿಂಗ್, ಅಂದರೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುವುದು, ಆಗುತ್ತಿತ್ತು. ರಾತ್ರಿ ಊಟ ಆದಮೇಲೆ ನುಂಗಲು ಶುರು ಮಾಡಿದ ಮೇಲೆ ಸರಿಹೋಯಿತು.

ಒಂದು ವರ್ಷ ಆದಮೇಲೆ, ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯಲ್ಲ, ವಾಸಿಯಾಯಿತು ಅಂದುಕೊಂಡು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಮೂರು ತಿಂಗಳು ಮುಟ್ಟೇ ಇಲ್ಲ, ಮೊಡವೆ ವಾಪಸ್. ತುಂಬಾ ಅತ್ತೆ. ಆ 7 ದಿನಗಳಲ್ಲಿ ಆಗುವ ಬ್ಲೀಡಿಂಗ್ ಹಾರ್ಮೋನ್ ನಿಲ್ಲಿಸಿದ್ದಕ್ಕೆ ಬರುವುದು, ಅಂಡ ಬಿಡುಗಡೆಯಾಗಿ ಬರುವ ಮುಟ್ಟಲ್ಲ, ಪಿಸಿಒಎಸ್ ಒಳಗೆ ಹಾಗೇ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಬೇರೆ ಡಾಕ್ಟರ್ ಹತ್ತಿರ ಹೋದಾಗ. ಮೊದಲಿನವರು ಹೇಳಿರಲಿಲ್ಲ. ಬಿಪಿ ಕೂಡ ನೋಡಿರಲಿಲ್ಲ! ಇದು ನನಗೆ ಇವತ್ತಿಗೂ ಬೇಸರ.

ಯಾಕೆಂದರೆ ಈ ಮಾತ್ರೆ ಎಲ್ಲರಿಗೂ ಆಗಲ್ಲ. ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಹಿಂದೆ ಹಾಗಾಗಿದ್ದವರು, ಬಿಪಿ ಜಾಸ್ತಿ ಇರುವವರು, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಶುರುವಾಗುವವರು, 35 ದಾಟಿಯೂ ಸಿಗರೇಟ್ ಸೇದುವವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಗೆಳತಿಯ ಸ್ಟ್ರಿಪ್ ನೋಡಿ ಸುಮ್ನೆ ಅದನ್ನೇ ಕೊಂಡು ನುಂಗಬೇಡಿ, ದಯವಿಟ್ಟು. ಒಂದೇ ಕಾಲು ಊದಿ ನೋವು ಬಂದರೆ, ಎದೆನೋವು, ಉಸಿರಾಟದ ತೊಂದರೆ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪಿಸಿಒಎಸ್ ಇರುವ ಎಷ್ಟೋ ಜನರಿಗೆ ಇರುವ ಇನ್ಸುಲಿನ್ ತೊಂದರೆಯನ್ನೂ (ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ತೂಕವನ್ನೂ ಈ ಮಾತ್ರೆ ಸರಿಮಾಡಲ್ಲ. ಅದಕ್ಕೆ ನಡಿಗೆ, ಊಟದ ಶಿಸ್ತು ಬೇರೆಯೇ ಬೇಕು. ಈ ಮಾತ್ರೆಯಿಂದ ಬಂಜೆತನ ಬರುತ್ತೆ ಅನ್ನುವ ಮಾತು ಮಾತ್ರ ಸುಳ್ಳು, ಹೆದರಬೇಡಿ.

ಈಗ ಮತ್ತೆ ಶುರು ಮಾಡಿದ್ದೇನೆ, ಈ ಸಲ ಬಿಪಿ ನೋಡಿಸಿಕೊಂಡೇ. ಮಗು ಬೇಕು ಅನ್ನಿಸಿದ ದಿನ ಡಾಕ್ಟರನ್ನು ಕೇಳಿ ನಿಲ್ಲಿಸುತ್ತೇನೆ.